ಕಾಯತಕ್ಕ ಆಟ ಯಾವುದು?

ಕಾಯುವುದರಲ್ಲಿಯೂ ಒಂದು ಸುಖವುಂಟು. ನಮ್ಮ ತಂದೆಯವರ ಕಾಲದಲ್ಲಿ ಮನೆಮಂದಿಯೆಲ್ಲ ‘ಕಸ್ತೂರಿ’ಯ ಹೊಸ ಸಂಚಿಕೆಗೆ ಕಾಯುತ್ತಿದ್ದರು. ‘ಚಂದಮಾಮ’ ಬಂದ ದಿನ, ಅದು ಮೊದಲು ಯಾರ ಕೈಗೆ ಎಂಬ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ಸಣ್ಣದೊಂದು ಕುರುಕ್ಷೇತ್ರವೇ ನಡೆಯುತ್ತಿತ್ತು. ಇಂದಿನ ಮಕ್ಕಳು ಕಾಯುವುದು ಬರಲಿರುವ ವಿಡಿಯೋ ಗೇಮುಗಳಿಗೆ. ಯಾವ ಆಟ ಯಾವ ತಿಂಗಳು ಬರುತ್ತದೆ, ಯಾವುದು ಮುಂದಕ್ಕೆ ಹೋಯಿತು, ಯಾವುದರ ಟ್ರೇಲರು ನಿನ್ನೆ ರಾತ್ರಿ ಬಂತು, ಇವೆಲ್ಲ ಅವರಿಗೆ ನಾಲಿಗೆಯ ತುದಿಯಲ್ಲಿ. ಶಾಲೆಯ ವೇಳಾಪತ್ರಿಕೆಗೆ ಮಾತ್ರ ಅಲ್ಲಿ ಸ್ಥಳವಿಲ್ಲ.

ಸಂಘದ ಕಳೆದ ಕಾರ್ಯಕ್ರಮದ ದಿನ ಊಟದ ಪಂಕ್ತಿಯಲ್ಲಿ ಇಬ್ಬರು ತಾಯಂದಿರು ನನ್ನನ್ನು ಹಿಡಿದು ಕೇಳಿದರು: “ನಮ್ಮ ಹುಡುಗ ಯಾವುದೋ ಆಟ ಬರೂದದ ಅಂತ ಈಗಿಂದನ ರೊಕ್ಕ ಕೇಳಲಿಕ್ಕೆ ಹತ್ಯಾನ್ರೀ. ಕೊಡಬೇಕೋ ಬ್ಯಾಡೋ? ನೀವು ಅಂಕಣಾ ಬರಿಯೋರು, ಇದರ ಬಗ್ಗೆನೂ ಒಂದೀಟು ಬರೀರಿ.” ನಾನಾದರೋ ಸರಕಾರಿ ಕಚೇರಿಯಲ್ಲಿ ಆವಕ-ಜಾವಕದ ದಫ್ತರ ನೋಡುವ ಕಾರಕೂನ. ಆದರೆ ನನ್ನ ಮನೆಯಲ್ಲಿಯೂ ಏಳನೆಯ ಇಯತ್ತೆಯಲ್ಲಿ ಓದುವ ಮಗಳೊಬ್ಬಳಿದ್ದಾಳೆ. ಅವಳ ಜೊತೆಗೆ ರವಿವಾರ ಕುಳಿತು ಆಡಿದ್ದೇನೆ, ಅವಳ ಸರದಿ ಬಂದಾಗ ನೋಡಿದ್ದೇನೆ; ಈ ಉದ್ಯೋಗದ ಸುದ್ದಿಯನ್ನೂ ಓದುತ್ತ ಬಂದಿದ್ದೇನೆ. ಆದ್ದರಿಂದ ಈ ಸಲದ ಮಾತು ಇದೇ: ಬರಲಿರುವ ಆಟಗಳಲ್ಲಿ ನಮ್ಮಂಥ ಮನೆಗಳು ಕಾಯತಕ್ಕದ್ದು ಯಾವುದು?

ಈ ಅಂಕಣವನ್ನು ಓದುವ ಅಜ್ಜ ಅಜ್ಜಿಯರಿಗಾಗಿ ಮೊದಲು ಒಂದು ಮಾತು. ನಮ್ಮ ಕಡೆಯ ದೊಡ್ಡಾಟದಲ್ಲಿ ವೇಷ ಕಟ್ಟುವವರು ಬೇರೆ, ಕಂಬಳಿ ಹೊದ್ದು ಕುಳಿತು ನೋಡುವವರು ಬೇರೆ. ವಿಡಿಯೋ ಗೇಮಿನಲ್ಲಿ ನೋಡುವವನೇ ವೇಷಧಾರಿ. ಅವನು ಗುಂಡಿ ಒತ್ತಿದರೆ ವೀರನು ಕತ್ತಿ ಎತ್ತುತ್ತಾನೆ; ಒತ್ತದಿದ್ದರೆ ರಾಕ್ಷಸನ ಕೈಯಲ್ಲಿ ಸಾಯುತ್ತಾನೆ. ಆದ್ದರಿಂದಲೇ ಮಕ್ಕಳಿಗೆ ಸಿನಿಮಾಕ್ಕಿಂತ ಇದರ ಹುಚ್ಚು ಹೆಚ್ಚು. ದೊಡ್ಡ ಆಟವೊಂದನ್ನು ಕಟ್ಟಲು ನೂರಾರು, ಕೆಲವೊಮ್ಮೆ ಸಾವಿರಾರು ಜನ ಐದಾರು ವರ್ಷ ದುಡಿಯುತ್ತಾರೆ. ಇಷ್ಟು ಕಾಲ ಜನ ಮರೆಯಬಾರದೆಂದು ಕಂಪನಿಗಳು ನಡುನಡುವೆ ಎರಡು ಮೂರು ನಿಮಿಷದ ಟ್ರೇಲರು ಬಿಡುತ್ತವೆ. ಮದುವೆಗೆ ಮೊದಲು ಬರುವ ವಾಲಗದ ಹಾಗೆ ಇದು. ವಾಲಗ ಚೆನ್ನಾಗಿತ್ತೆಂದ ಮಾತ್ರಕ್ಕೆ ವರನು ಚೆನ್ನಾಗಿದ್ದಾನೆಂದು ಹೇಳಲು ಬರುವುದಿಲ್ಲ.

ಈ ಮಾತಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಪುಣೆಯಲ್ಲಿಯೇ ಇದೆ. ಜೋರ್ಡನ್ ಮೆಕ್ನರ್ ಎಂಬ ಅಮೇರಿಕದ ತರುಣ 1989ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಮಾಡಿದ. ಅದೇ ಹೆಸರಿನ ಸಾಲಿನಲ್ಲಿ ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 2003ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಎಂಬುದನ್ನು ತಂದಿತು. ಕಾಲವನ್ನೇ ಹಿಂದಕ್ಕೆ ತಿರುಗಿಸುವ ಕಠಾರಿಯ ಕಥೆ ಅದು. ಬಹಳ ಹೆಸರು ಮಾಡಿತು. ಅದನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಕಂಪನಿ ತನ್ನ ಪುಣೆ ಮತ್ತು ಮುಂಬಯಿ ಶಾಖೆಗಳಿಗೆ ವಹಿಸಿದೆಯೆಂದು 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಇಷ್ಟು ಹೆಸರಾದ ಆಟದ ಮುಂದಾಳ್ತನ ನಮ್ಮ ದೇಶದ ತರುಣರಿಗೆ ಬಂದದ್ದು ಹೆಮ್ಮೆಯ ಸಂಗತಿಯಾಗಿತ್ತು. 2021ರ ಜನವರಿಗೆ ಬರುತ್ತದೆಂದರು. ಟ್ರೇಲರಿನ ಚಿತ್ರಗಳು ಮಂಕಾಗಿವೆಯೆಂದು ಜಗತ್ತಿನ ಆಟಗಾರರು ಮೂಗು ಮುರಿದರು. ಮಾರ್ಚಿಗೆ ಹೋಯಿತು; ಆಮೇಲೆ ತಾರೀಖೇ ಇಲ್ಲವಾಯಿತು. 2022ರಲ್ಲಿ ಕೆಲಸವನ್ನು ಕೆನಡಾದ ಮಾಂಟ್ರಿಯಲ್ ಶಾಖೆಗೆ ಒಯ್ದರು. ಕೊನೆಗೆ 2026ರ ಜನವರಿಯಲ್ಲಿ ಕಂಪನಿ ಆ ಆಟವನ್ನೇ ಕೈಬಿಟ್ಟಿತು. ಐದು ವರ್ಷ ಕಾದ ಹುಡುಗರ ಪಾಲಿಗೆ ಉಳಿದದ್ದು ಎರಡು ನಿಮಿಷದ ವಾಲಗ ಮಾತ್ರ.

ಆಟ ಬಂದರೂ ಸುಖವೆಂದು ಹೇಳಲಾಗದು. ಪೋಲೆಂಡ್ ದೇಶದ ‘ಸೈಬರ್‌ಪಂಕ್ 2077’ ಎಂಬುದನ್ನು 2012ರಲ್ಲಿ ಸಾರಿದರು. ಮೂರು ಸಲ ಮುಂದೂಡಿ 2020ರ ಡಿಸೆಂಬರಿನಲ್ಲಿ ಬಿಟ್ಟಾಗ, ಹಳೆಯ ಯಂತ್ರಗಳಲ್ಲಿ ಅದು ಹೆಜ್ಜೆಗೊಮ್ಮೆ ಎಡವುತ್ತಿತ್ತು. ಸೋನಿ ಕಂಪನಿಯು ತನ್ನ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿ ಹಣ ಮರಳಿಸಿತು. ಅದೇ ಆಟವನ್ನು ಮುಂದೆ ತಿದ್ದಿ ತೀಡಿ ಎರಡು ಮೂರು ವರ್ಷದಲ್ಲಿ ಚೆನ್ನಾಗಿ ಮಾಡಿದರೆಂಬುದೂ ನಿಜ. ಇದಕ್ಕೆ ಪ್ರತಿಯಾಗಿ, ಆಸ್ಟ್ರೇಲಿಯದ ಆಡಿಲೇಡಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಜನರ ‘ಟೀಮ್ ಚೆರ‍್ರಿ’ ಎಂಬ ತಂಡ ‘ಸಿಲ್ಕ್‌ಸಾಂಗ್’ ಎಂಬ ಆಟವನ್ನು 2019ರಲ್ಲಿ ಸಾರಿತು. ವರ್ಷಗಟ್ಟಲೆ ಸುದ್ದಿಯಿಲ್ಲ, ಸದ್ದಿಲ್ಲ. 2025ರ ಸೆಪ್ಟೆಂಬರ್ 4ರಂದು ಅದು ಬಂದಾಗ ಕೊಳ್ಳುವವರ ನೂಕುನುಗ್ಗಲಿಗೆ ಅಂತರಜಾಲದ ಆಟದಂಗಡಿಗಳೇ ಸ್ವಲ್ಪ ಹೊತ್ತು ನಿಂತುಹೋದವು. ಕೊಂಡವರು ಮೆಚ್ಚಿದರು, ಬೆಲೆಯೂ ದೊಡ್ಡ ಕಂಪನಿಗಳ ಆಟಗಳಿಗಿಂತ ಬಹಳ ಕಡಿಮೆಯಿತ್ತು.

ಇವುಗಳಿಂದ ತಾಯಂದಿರ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಬರಲಿರುವ ಆಟಕ್ಕೆ ಮುಂಗಡ ಹಣ ಕೊಡಬೇಡಿರಿ. ಕಾಯುವ ಉತ್ಸಾಹ ಹುಡುಗನದಿರಲಿ, ರೊಕ್ಕ ಮಾತ್ರ ನಿಮ್ಮ ಕಪಾಟಿನಲ್ಲಿರಲಿ. ಆಟ ಬಂದು ಹದಿನೈದು ದಿನವಾಗಲಿ. ಕೊಂಡವರು ಏನೆನ್ನುತ್ತಾರೆಂದು ಅವನೇ ಓದಿ ನಿಮಗೆ ತಿಳಿಸಲಿ. ಯಂತ್ರದಲ್ಲಿ ಇಳಿಸಿಕೊಳ್ಳುವ ಆಟ ಸಂತೆಯ ಬದನೆಕಾಯಿಯಲ್ಲ, ಮಧ್ಯಾಹ್ನಕ್ಕೆ ತೀರಿಹೋಗುವ ಭಯವಿಲ್ಲ. ದೊಡ್ಡ ಆಟಗಳ ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ನಮ್ಮಂಥವರ ಮನೆಯಲ್ಲಿ ಅದು ತಿಂಗಳ ಕಿರಾಣಿಯ ಒಂದು ಪಾಲು. ಒಂದು ವರ್ಷ ತಡೆದರೆ ಅದೇ ಆಟ ಅರ್ಧ ಬೆಲೆಗೆ ಸಿಗುವುದೂ ಉಂಟು.

ಇನ್ನು ಜಗತ್ತೇ ಕಣ್ಣಿಟ್ಟು ಕಾಯುತ್ತ ಬಂದಿರುವ ಒಂದು ಆಟದ ವಿಷಯ. ‘ಗ್ರಾಂಡ್ ಥೆಫ್ಟ್ ಆಟೋ’ ಎಂಬ ಸರಣಿಯ ಐದನೆಯ ಆಟ ಬಂದದ್ದು 2013ರಲ್ಲಿ. ಆರನೆಯದರ ಮೊದಲ ಟ್ರೇಲರು 2023ರ ಡಿಸೆಂಬರಿನಲ್ಲಿ ಬಂತು. 2025ಕ್ಕೆ ಎಂದಿದ್ದುದು 2026ರ ಮೇ 26ಕ್ಕೆ ಹೋಯಿತು. ಅದೂ ತಪ್ಪಿ 2026ರ ನವೆಂಬರ್ 19 ಎಂದು 2025ರ ನವೆಂಬರಿನಲ್ಲಿ ಕಂಪನಿ ಪ್ರಕಟಿಸಿತು. ನಿಮ್ಮ ಹುಡುಗ ರೊಕ್ಕ ಕೇಳುತ್ತಿರುವುದು ಬಹುಶಃ ಇದಕ್ಕೇ. ಹೆಸರಿನಲ್ಲಿಯೇ ವಾಹನ ಕಳ್ಳತನವಿದೆ. ಕಳ್ಳರು ದರೋಡೆಕೋರರೇ ಕಥಾನಾಯಕರು. ಐದನೆಯ ಆಟದ ಡಬ್ಬಿಯ ಮೇಲೆ ಯೂರೋಪಿನವರು 18 ಎಂಬ ಅಂಕಿ ಹಾಕಿದ್ದರು. ಆ ಅಂಕಿ ಆಟ ಎಷ್ಟು ಕಠಿಣವೆಂಬುದನ್ನು ಹೇಳುವುದಿಲ್ಲ. ಎಷ್ಟು ವಯಸ್ಸಿನವರಿಗೆ ತಕ್ಕದ್ದೆಂಬುದನ್ನು ಹೇಳುತ್ತದೆ. ಅನೇಕ ಪಾಲಕರು ಇದನ್ನು ನೋಡುವುದೇ ಇಲ್ಲ. ಹನ್ನೆರಡು ವರ್ಷದವನಿಗೆ ಇದು ಬೇಡವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಹದಿನೆಂಟು ದಾಟಿದವರು ತಮ್ಮ ಗಳಿಕೆಯಲ್ಲಿ ಕೊಂಡು ಆಡಿಕೊಳ್ಳಲಿ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಭಾರತದಲ್ಲಿ ಆಟ ಕಟ್ಟುವ ಉದ್ಯೋಗ ಬೇರುಬಿಟ್ಟದ್ದೇ ಬೆಂಗಳೂರಿನಲ್ಲಿ. ರಾಜೇಶ ರಾವ್ ಅವರು 1997ರಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆ ತೆರೆದರು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರ, ವಾಹನ, ಕಟ್ಟಡಗಳನ್ನು ಅಲ್ಲಿ ರೂಪಿಸುತ್ತಿದ್ದರು. 2019ರಲ್ಲಿ ಆ ಸಂಸ್ಥೆಯನ್ನು ಕೊಂಡು ತನ್ನ ಬೆಂಗಳೂರು ಶಾಖೆಯಲ್ಲಿ ಸೇರಿಸಿಕೊಂಡದ್ದು ರಾಕ್‌ಸ್ಟಾರ್. ‘ಗ್ರಾಂಡ್ ಥೆಫ್ಟ್ ಆಟೋ’ ಮಾಡುವ ಕಂಪನಿ ಅದೇ. ಲೋಕವೇ ಆಡುವ ಆಟಗಳಿಗೆ ಕೈ ಹಚ್ಚಿದವರು ಬೆಂಗಳೂರಿನಲ್ಲಿದ್ದಾರೆ. ಆ ಆಟಗಳಲ್ಲಿ ಕನ್ನಡದ ಒಂದಕ್ಷರ ಮಾತ್ರ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ರೊಕ್ಕದ ಮಾತು, ವಯಸ್ಸಿನ ಮಾತು. ಇನ್ನು ಮುಂದಿನದು ನಾಲಿಗೆಯ ಮಾತು. ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ.

ನಮ್ಮ ಧನಕವಡಿಯ ಮಕ್ಕಳ ದಿನಚರಿ ನೋಡಿರಿ. ಶಾಲೆಯಲ್ಲಿ ಇಂಗ್ಲಿಷು; ಬೀದಿಯಲ್ಲಿ, ರಿಕ್ಷಾದಲ್ಲಿ, ಭಾಜಿ ಮಂಡಿಯಲ್ಲಿ ಮರಾಠಿ; ಗೆಳೆಯರೊಡನೆ ಅರ್ಧ ಹಿಂದಿ. ಕನ್ನಡಕ್ಕೆ ಉಳಿದದ್ದು ಅಡಿಗೆಮನೆಯ ಒಂದು ಗಂಟೆ ಮತ್ತು ಊರಿನಿಂದ ಅಜ್ಜಿಯ ಫೋನು ಬಂದ ಹತ್ತು ನಿಮಿಷ. ಬಿಡುವಿನ ವೇಳೆಯೇನೋ ಇದೆ. ಅದೆಲ್ಲ ಆಟದ ಪಾಲು. ಮರಾಠಿಯ ಬಗ್ಗೆ ನನಗೆ ಅಸಮಾಧಾನವಿಲ್ಲ. ನಮಗೆ ಅನ್ನ ಕೊಟ್ಟ ಊರಿನ ಮಾತು ಮಕ್ಕಳಿಗೆ ಚೆನ್ನಾಗಿಯೇ ಬರಲಿ. ಆದರೆ ಒಂದು ಭಾಷೆ ಮಗುವಿನಲ್ಲಿ ನಿಲ್ಲುವುದು ಪಾಠದಿಂದಲ್ಲ, ಆಟದಿಂದ. ನಮಗೆ ಕನ್ನಡ ಬಂದದ್ದು ಚೌಕಾಬಾರ, ಲಗೋರಿ, ಗುಂಡದಾಟಗಳ ಜಗಳದಲ್ಲಿ. “ನನ್ನ ಕಾಯಿ ಯಾಕ ಕಡದಿ?” ಎಂದು ಕೂಗಿದವನಿಗೆ ಯಾರೂ ವ್ಯಾಕರಣ ಕಲಿಸಿರಲಿಲ್ಲ. ಆಟದ ಭಾಷೆ ಬೇರೆಯಾಯಿತೆಂದರೆ ಸಿಟ್ಟಿನ ಭಾಷೆ, ಸಂತೋಷದ ಭಾಷೆ ಬೇರೆಯಾಯಿತು. ಕನ್ನಡಕ್ಕೆ ಉಳಿದದ್ದು “ಊಟಕ್ಕ ಬಾ”, “ಹಲ್ಲು ತಿಕ್ಕು” ಎಂಬ ಅಪ್ಪಣೆಗಳು. ಅಪ್ಪಣೆಯ ಭಾಷೆಯನ್ನು ಯಾವ ಮಗು ಪ್ರೀತಿಸೀತು?

ನನ್ನ ಮಗಳು ಒಂದು ದಿನ ಕೇಳಿದಳು: “ಅಪ್ಪಾ, ಹಳೇಬೀಡು ಅನ್ನೂದು ಖರೇನ ಅದ ಏನು?” ಅವಳು ಅದನ್ನು ಕಂಡದ್ದು ಪುಸ್ತಕದಲ್ಲಲ್ಲ, ಸೋದರಮಾವನ ಮನೆಯಲ್ಲಿ ದೊಡ್ಡ ಹುಡುಗರು ಆಡುತ್ತಿದ್ದ ಆಟದಲ್ಲಿ. ಕ್ಯಾಲಿಫೋರ್ನಿಯದ ‘ನಾಟಿ ಡಾಗ್’ ಎಂಬ ಸಂಸ್ಥೆ 2017ರ ಆಗಸ್ಟಿನಲ್ಲಿ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಆಟ ತಂದಿತು. ಕ್ಲೋಯಿ, ನದೀನ್ ಎಂಬ ಇಬ್ಬರು ಹೆಣ್ಣುಮಕ್ಕಳು ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮ ಘಟ್ಟಗಳ ಅಡವಿಗೆ ಬರುತ್ತಾರೆ. ಅಲ್ಲಿ ಅವರಿಗೆ ಕಾಣುವುದು ಹೊಯ್ಸಳರ ಪಾಳುಬಿದ್ದ ನಗರಗಳು. ಹಳೇಬೀಡು, ಬೇಲೂರು ಎಂಬ ಹೆಸರುಗಳೇ ಅಲ್ಲಿ ಬರುತ್ತವೆ. ಜಪಾನಿನ ಹುಡುಗನೂ ಬ್ರೆಜಿಲಿನ ಹುಡುಗಿಯೂ ಆ ಹೆಸರು ಕೇಳಿದ್ದಾರೆ. ನಮ್ಮ ನಾಡಿಗೆ ಇದು ಸಣ್ಣ ಗೌರವವಲ್ಲ.

ಆದರೆ ಆ ಹಳೇಬೀಡು ಕಲ್ಪನೆಯದು. ಆಟದಲ್ಲಿ ಅದು ದಟ್ಟ ಕಾಡಿನೊಳಗೆ ಮುಚ್ಚಿಹೋದ ನಿಗೂಢ ನಗರ. ನಿಜವಾದದ್ದು ಹಾಸನ ಜಿಲ್ಲೆಯ ಬಯಲಿನಲ್ಲಿ, ಕೆರೆಯ ಪಕ್ಕದಲ್ಲಿದೆ. ಬಾಗಿಲಿನ ಎದುರಿಗೇ ಬಸ್ಸು ನಿಲ್ಲುತ್ತದೆ. ಒಂದು ಕಾಲಕ್ಕೆ ದ್ವಾರಸಮುದ್ರವೆಂದು ಹೆಸರಾಗಿದ್ದ ರಾಜಧಾನಿ ಅದು. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಮಲಿಕ್ ಕಾಫರನ ದಂಡು ಅದನ್ನು ಮುತ್ತಿತು. ಹೊಯ್ಸಳೇಶ್ವರ ಗುಡಿಯ ಬಳಪದ ಕಲ್ಲಿನ ಮೇಲೆ ಆನೆಗಳ ಸಾಲು, ಕುದುರೆಗಳ ಸಾಲು, ರಾಮಾಯಣ ಮಹಾಭಾರತಗಳ ಕಥೆ, ಎಲ್ಲವೂ ಇವೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಕೇಳಿದ ಮುಂದಿನ ಪ್ರಶ್ನೆ: “ಹಂಗಾದರ ಆ ಆಟದಾಗ ಅವರ‍್ಯಾಕ ಕನ್ನಡಾ ಮಾತಾಡೂದಿಲ್ಲ?” ಹೊಯ್ಸಳರ ಶಾಸನಗಳು ಕನ್ನಡದಲ್ಲಿವೆ, ಅವರ ಆಸರೆಯಲ್ಲಿ ಕನ್ನಡ ಕವಿಗಳು ಬೆಳೆದರು. ಹನ್ನೆರಡು ವರ್ಷದ ಹುಡುಗಿಗೆ ಕಂಡ ಕೊರತೆ ಆಟ ಕಟ್ಟಿದವರಿಗೆ ಕಾಣಲಿಲ್ಲ. ಕಾಣಿಸಬೇಕಾದವರು ನಾವಾಗಿದ್ದೆವು.

ಪರದೇಶದವರು ನಮ್ಮ ಕಥೆ ಹೇಳುತ್ತಾರೆಂದು ಕಾಯುವುದಕ್ಕಿಂತ ಹತ್ತಿರದವರ ಕಡೆ ನೋಡೋಣ. ನಮ್ಮ ಪುಣೆಯ ‘ನೋಡಿಂಗ್ ಹೆಡ್ಸ್’ ಎಂಬ ಚಿಕ್ಕ ಸಂಸ್ಥೆ ‘ರಾಜಿ: ಆನ್ ಏನ್‌ಶಿಯಂಟ್ ಎಪಿಕ್’ ಎಂಬ ಆಟವನ್ನು 2020ರಲ್ಲಿ ಹೊರತಂದಿತು. ಸರ್ಕಸ್ಸಿನ ಬಡ ಹುಡುಗಿ ರಾಜಿ, ಅಸುರರು ಒಯ್ದ ತನ್ನ ತಮ್ಮ ಗೋಲುವನ್ನು ಹುಡುಕುತ್ತ ಹೋಗುವ ಕಥೆ. ದುರ್ಗೆ ಅವಳಿಗೆ ಆಯುಧ ಕೊಡುತ್ತಾಳೆ. ಇದನ್ನು ಕಟ್ಟಲು ಆ ತಂಡದವರು 2017ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಲು ಹೋದರು, ಬೇಕಾದಷ್ಟು ಕೂಡಲಿಲ್ಲ. ಸ್ಥಾಪಕರಲ್ಲೊಬ್ಬರು ತಮ್ಮ ಸ್ವಂತ ಮನೆ ಮಾರಿ ಕೆಲಸ ಮುಂದುವರಿಸಿದರು. ಆಟ ಬಂದ ವರ್ಷ ಅದು ಜಗತ್ತಿನ ಹೆಸರಾಂತ ಗೇಮ್ ಅವಾರ್ಡ್ಸ್‌ನಲ್ಲಿ ಹೊಸಬರ ಅತ್ಯುತ್ತಮ ಆಟದ ಪ್ರಶಸ್ತಿಗೆ ನಿಂತ ಐದರಲ್ಲಿ ಒಂದಾಯಿತು. ಪ್ರಶಸ್ತಿ ಬೇರೆಯವರ ಪಾಲಾಯಿತೆಂಬುದು ಬೇರೆ ಮಾತು.

ಆ ಆಟದಲ್ಲಿ ಕಥೆಯ ಭಾಗಗಳನ್ನು ತೊಗಲುಗೊಂಬೆಯಾಟದ ರೀತಿಯಲ್ಲಿ ತೋರಿಸಿದ್ದಾರೆ. ಅದನ್ನು ನೋಡಿದಾಗ ನನಗೆ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ನೆನಪಾದರು. ಜೀವನವೆಲ್ಲ ತೊಗಲುಗೊಂಬೆ ಆಡಿಸಿದ ಆ ಅಜ್ಜಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂತು. ಅವರ ಗೊಂಬೆಗಳು ಆಡುವ ಮಾತು ಅಚ್ಚ ಕನ್ನಡ. ಪುಣೆಯ ತಂಡದ ಕಸುಬು, ಮೋರನಾಳದ ಅಜ್ಜಿಯ ಗೊಂಬೆ, ಇವೆರಡೂ ಒಂದು ಕಡೆ ಕೂಡಿದರೆ ಎಂಥ ಆಟವಾದೀತು! ಕಾಯಬೇಕಾದರೆ ಅಂಥದಕ್ಕೆ ಕಾಯಬೇಕು.

ಇದೇ ತಂಡ ಮುಂದಿನ ಕಥೆಯನ್ನು ‘ರಾಜಿ: ಕಲಿಯುಗ’ ಎಂಬ ಹೆಸರಿನಲ್ಲಿ ಸಾರಿದೆ. ಅಮಿತಾಭ್ ಬಚ್ಚನ್ನರೂ ಕಾದಂಬರಿಕಾರ ಅಮೀಶ್ ತ್ರಿಪಾಠಿಯವರೂ ಕೂಡಿರುವ ‘ತಾರಾ ಗೇಮಿಂಗ್’ ಎಂಬ ಸಂಸ್ಥೆ ‘ದಿ ಏಜ್ ಆಫ್ ಭಾರತ್’ ಎಂಬುದನ್ನು ಸಾರಿದೆ. ಪುಣೆಯದೇ ಆದ ‘ಸೂಪರ್‌ಗೇಮಿಂಗ್’ ಸಂಸ್ಥೆಯ ‘ಇಂಡಸ್’ ಎಂಬ ಕಾಳಗದ ಆಟ 2024ರ ಅಕ್ಟೋಬರ್ 16ರಂದು ಮೊಬೈಲಿಗೆ ಬಂತು. ನಮ್ಮ ದೇಶದವರು ಇನ್ನೊಬ್ಬರ ಆಟಕ್ಕೆ ಬಣ್ಣ ಬಳಿಯುವ ಕಾಲ ಹೋಗಿ, ತಮ್ಮ ಕಥೆ ತಾವೇ ಹೇಳುವ ಕಾಲ ಬರುತ್ತಿದೆಯೆಂಬುದಕ್ಕೆ ಇವು ಸಾಕ್ಷಿ. ನನ್ನ ಪಟ್ಟಿಯಲ್ಲಿ ‘ರಾಜಿ’ಯ ಮುಂದಿನ ಕಥೆಗೆ ಮೊದಲ ಸ್ಥಾನ. ಮೊದಲ ಆಟವನ್ನು ಕಷ್ಟದಲ್ಲಿಯೂ ಮುಗಿಸಿ ತೋರಿಸಿದವರ ಮಾತಿಗೆ ತೂಕವುಂಟು. ‘ರಾಜಿ’ಗೆ ಮುಂದೆ ಹಿಂದಿಯ ಧ್ವನಿ ಬಂತು. ಹಿಂದಿ ಬರಬಹುದಾದರೆ ಕನ್ನಡವೂ ಬರಬಹುದು.

ಮನೆಬಿಟ್ಟು ದೂರದಲ್ಲಿ ಬಾಳುವ ನಮ್ಮಂಥವರು ತಪ್ಪದೆ ನೋಡಬೇಕಾದ ಇನ್ನೊಂದು ಆಟವಿದೆ. ಅದು ಈಗಾಗಲೆ ಬಂದದ್ದು. ಕೆನಡಾದ ಟೊರಾಂಟೋದ ಒಂದು ಸಣ್ಣ ತಂಡ 2023ರಲ್ಲಿ ‘ವೆಣ್ಬಾ’ ಎಂಬುದನ್ನು ಮಾಡಿತು. ಅದರಲ್ಲಿ ಬಂದೂಕಿಲ್ಲ, ರಕ್ತವಿಲ್ಲ. 1980ರ ದಶಕದ ಕೊನೆಗೆ ಕೆನಡಾಕ್ಕೆ ಹೋದ ತಮಿಳು ದಂಪತಿಗಳ ಅಡಿಗೆಮನೆಯೇ ರಂಗಭೂಮಿ. ತಾಯಿಯಿಂದ ಬಂದ ಅಡಿಗೆಯ ಪುಸ್ತಕದ ಹಾಳೆಗಳು ಹರಿದಿವೆ, ಅಕ್ಷರಗಳು ಮಾಸಿವೆ. ಇಡ್ಲಿಯ ತಟ್ಟೆಗಳನ್ನು ಹೇಗೆ ಹೊಂದಿಸಬೇಕು, ಒಗ್ಗರಣೆಗೆ ಮೊದಲು ಏನು ಬೀಳಬೇಕು ಎಂಬುದನ್ನು ಆಡುವವನು ಊಹಿಸಿ ಮಾಡಬೇಕು. ಮಗ ಬೆಳೆಯುತ್ತಾನೆ, ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗುತ್ತಾನೆ, ಮನೆಯ ಡಬ್ಬಿಯ ಬಗ್ಗೆ ನಾಚುತ್ತಾನೆ. ಇದು ಯಾರ ಮನೆಯ ಕಥೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎರಡು ತಾಸಿನಲ್ಲಿ ಮುಗಿಯುವ ಈ ಪುಟ್ಟ ಆಟ 2024ರಲ್ಲಿ ಬ್ರಿಟನ್ನಿನ ಬಾಫ್ತಾ ಸಂಸ್ಥೆಯಿಂದ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು. ನಮ್ಮ ಮನೆಯಲ್ಲಿ ತಾಯಿ ಮಗಳು ಕೂಡಿ ಆಡಿದರು. ಆಡಿ ಎದ್ದವಳು ತಾಯಿಯನ್ನು ಕೇಳಿದಳು: “ಅಮ್ಮಾ, ಎಣ್ಣೆಗಾಯಿ ನೀ ಯಾರ ಕಡೆ ಕಲ್ತಿ?” ಅಂದು ರಾತ್ರಿ ಅಡಿಗೆಮನೆಯ ಕನ್ನಡ ಒಂದು ಗಂಟೆಯಲ್ಲಿ ಮುಗಿಯಲಿಲ್ಲ.

ಹಾಗಾದರೆ ಕನ್ನಡದಲ್ಲಿ ಇಂಥದು ಏಕಿಲ್ಲ? ಜನ ಸಾಲದೆಂದರೆ ನಂಬುವ ಮಾತಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಪೋಲೆಂಡಿನ ಜನಸಂಖ್ಯೆ ನಾಲ್ಕು ಕೋಟಿಯೂ ಇಲ್ಲ. ಆದರೂ ಪೋಲಿಷ್ ಭಾಷೆಯಲ್ಲಿ ದೊಡ್ಡ ದೊಡ್ಡ ಆಟಗಳ ಮಾತು ಪರದೆಯ ಮೇಲೆ ಮೂಡುತ್ತದೆ. ಅಲ್ಲಿಯವರು ಕೊಳ್ಳುತ್ತಾರೆ, ಕೇಳುತ್ತಾರೆ. ನಾವು ಕೊಳ್ಳುತ್ತೇವೆ, ಕೇಳುವುದಿಲ್ಲ. ಕೇಳದವರಿಗೆ ಬಡಿಸುವ ಪದ್ಧತಿ ಬೀಗರ ಮನೆಯಲ್ಲುಂಟು, ವ್ಯಾಪಾರದಲ್ಲಿಲ್ಲ.

ಎರಡನೆಯ ಕಾರಣ ನಮ್ಮ ಲಿಪಿಯದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ಕೂಡುತ್ತವೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ ಏರುತ್ತದೆ. ಆಟ ಕಟ್ಟುವವರು ಬಳಸುವ ಕೆಲವು ಹೆಸರಾದ ಸಲಕರಣೆಗಳಿಗೆ ಈ ಹೊಂದಾಣಿಕೆ ಬಹುಕಾಲ ಬಂದಿರಲಿಲ್ಲ. ‘ಅಕ್ಕ’ ಎಂದು ಬರೆದರೆ ಕ್ ಒಂದು ಕಡೆ, ಕ ಒಂದು ಕಡೆ ಒಡೆದು ಬೀಳುತ್ತಿತ್ತು. ಈಗ ಆ ತೊಡಕೂ ಸಡಿಲಾಗಿದೆ. ಯಾರಾದರೂ ಪುಕ್ಕಟೆಯಾಗಿ ಬಳಸಬಹುದಾದ ‘ಗೊಡೋ’ ಎಂಬ ಸಲಕರಣೆಯ ನಾಲ್ಕನೆಯ ಆವೃತ್ತಿ 2023ರಲ್ಲಿ ಬಂತು. ಅದರಲ್ಲಿ ಇಂಥ ಲಿಪಿಗಳನ್ನು ಸರಿಯಾಗಿ ಮೂಡಿಸುವ ಏರ್ಪಾಡಿದೆ. ಅಂದಮೇಲೆ ಇನ್ನು ಲಿಪಿಯ ನೆವ ಹೇಳಲಾಗದು.

ಈಗ ನಾವು ಮಾಡತಕ್ಕದ್ದೇನು? ದೊಡ್ಡ ಮಾತು ಬೇಡ. ಮೂರು ಸಣ್ಣ ಕೆಲಸ ಹೇಳುತ್ತೇನೆ.

ಮೊದಲನೆಯದು ಅರ್ಜಿ ಹಾಕುವುದು. ಕಾರಕೂನನಿಗೆ ಗೊತ್ತಿರುವ ಮಂತ್ರ ಇದೊಂದೇ. ಆವಕದಲ್ಲಿ ಒಂದು ಅರ್ಜಿ ಬಂದರೆ ಅದು ಫೈಲಿನ ತಳ ಸೇರುತ್ತದೆ. ಅದೇ ವಿಷಯಕ್ಕೆ ಐವತ್ತು ಬಂದರೆ ಸಾಹೇಬರೇ ಕರೆದು ಕೇಳುತ್ತಾರೆ, ಏನಿದು ಎಂದು. ಆಟ ಕಟ್ಟುವವರು ಇದಕ್ಕೆ ಹೊರತಲ್ಲ. ಪುಣೆಯ ಈ ಸಂಸ್ಥೆಗಳಿಗೆ ಪುಣೆಯ ಕನ್ನಡ ಮನೆಗಳಿಂದಲೇ ಪತ್ರ ಹೋಗಲಿ. ಪೂರ್ತಿ ಧ್ವನಿ ಬೇಡ, ಮೊದಲು ಪರದೆಯ ಕೆಳಗಿನ ಸಾಲುಗಳಾದರೂ ಕನ್ನಡದಲ್ಲಿ ಬರಲಿ ಎಂದು ಕೇಳೋಣ. ಮಕ್ಕಳೇ ಬರೆಯಲಿ. ಕನ್ನಡದಲ್ಲಿ ಬರೆದ ಪತ್ರದ ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರಾಯಿತು. ಅಷ್ಟಾದರೂ ಅವರ ಅಕ್ಷರಾಭ್ಯಾಸವಾಗುತ್ತದೆ.

ಎರಡನೆಯದು, ಜೊತೆಗೆ ಕೂಡುವುದು. ಆಟ ಇಂಗ್ಲಿಷಿನಲ್ಲಿರಲಿ, ಆಡುವಾಗಿನ ಮಾತು ಕನ್ನಡದಲ್ಲಿರಲಿ. “ಆ ಬಾಗಿಲ ತಗಿ, ಹಿಂದ ನೋಡು, ಓಡು ಓಡು” ಎಂದು ಪಕ್ಕದಲ್ಲಿ ಕುಳಿತು ನೀವು ಕೂಗಿದರೆ ಸಾಕು. ಮಗುವಿಗೆ ಗೆಲುವಿನ ಮಾತು, ಅವಸರದ ಮಾತು ಕನ್ನಡದಲ್ಲಿ ಕಿವಿಗೆ ಬೀಳುತ್ತದೆ. ಜೊತೆಗೆ ಕುಳಿತವರಿಗೆ ಇನ್ನೊಂದು ಲಾಭವೂ ಉಂಟು: ಮಗು ಏನು ಆಡುತ್ತಿದೆ, ಯಾರೊಡನೆ ಆಡುತ್ತಿದೆ, ಹಣ ಕಟ್ಟುವ ಗುಂಡಿ ಎಲ್ಲಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಪುಕ್ಕಟೆಯೆಂದು ಕೊಟ್ಟು, ವೀರನ ಅಂಗಿಗೆ, ಕತ್ತಿಯ ಬಣ್ಣಕ್ಕೆ ಚಿಲ್ಲರೆ ಚಿಲ್ಲರೆಯಾಗಿ ರೊಕ್ಕ ಕೀಳುವ ಆಟಗಳು ಬೇರೆ. ಅವುಗಳ ಕಾವಲು ಕಾಯಿದೆಯದಲ್ಲ, ಮನೆಯವರದು. ಅಪ್ಪನ ಫೋನಿನ ಗುಪ್ತಸಂಖ್ಯೆ ಅಪ್ಪನ ತಲೆಯಲ್ಲಿಯೇ ಇರಲಿ.

ಮೂರನೆಯದು, ಕಟ್ಟುವುದು. ನಮ್ಮ ಸಂಘದ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ, ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ತರುಣ ತರುಣಿಯರಿಗೆ ಬರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮನೆಯಾಟಗಳನ್ನು ತಾವೇ ರಚಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಅರಸರಿಗೆ ಕೀಳೆನಿಸದ ಕೆಲಸ ನಮಗೇಕೆ ಕೀಳಾಗಬೇಕು? ಪ್ರತಿ ರಾಜ್ಯೋತ್ಸವಕ್ಕೆ ನಾಟಕ ಮಾಡುತ್ತೇವೆ, ಹಾಡುತ್ತೇವೆ. ಬರುವ ರಾಜ್ಯೋತ್ಸವಕ್ಕೆ ಒಂದು ಪುಟ್ಟ ಆಟ ಮಾಡೋಣ. ಹತ್ತು ನಿಮಿಷದ್ದು ಸಾಕು. ಸ್ವಾರಗೇಟಿನಲ್ಲಿ ರಾತ್ರಿಯ ಬಸ್ಸು ಹತ್ತಿದ ಹುಡುಗಿ ಅಜ್ಜಿಯ ಊರು ಮುಟ್ಟಬೇಕು. ದಾರಿಯಲ್ಲಿ ಸಿಕ್ಕವರ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಟ್ಟರೆ ಮುಂದಿನ ಊರು. ನಿಪ್ಪಾಣಿ ದಾಟಬೇಕು, ಬೆಳಗಾವಿಯಲ್ಲಿ ಕುಂದಾ ಕೊಳ್ಳಬೇಕು, ಧಾರವಾಡದಲ್ಲಿ ಪೇಢೆ. ಅಜ್ಜಿಯ ಧ್ವನಿಗೆ ನಮ್ಮಲ್ಲಿ ನಿಜವಾದ ಅಜ್ಜಿಯರೇ ಇದ್ದಾರೆ. ಅವರ ಮಾತನ್ನು ಈಗಲೇ ಹಿಡಿದಿಟ್ಟರೆ ಆಟದ ಜೊತೆಗೆ ಅವರ ಧ್ವನಿಯೂ ಉಳಿಯುತ್ತದೆ.

ಪಂಕ್ತಿಯಲ್ಲಿ ಕೇಳಿದ ತಾಯಂದಿರಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ನಿಮ್ಮ ಹುಡುಗ ಕಾಯುವುದು ತಪ್ಪಲ್ಲ. ಅವನು ಯಾವುದಕ್ಕೆ ಕಾಯುತ್ತಾನೆಂದು ಕೇಳಿರಿ, ಅದರಲ್ಲಿ ಏನು ಚೆಂದವೆಂದು ಅವನಿಂದಲೇ ಹೇಳಿಸಿರಿ. ಹೇಳುವುದನ್ನು ಕನ್ನಡದಲ್ಲಿ ಹೇಳಲಿ. ತಡವರಿಸಿದರೆ ತಡವರಿಸಲಿ, ನಡುವೆ ಮರಾಠಿ ಬಂದರೆ ಬರಲಿ. ಹತ್ತು ನಿಮಿಷ ಅವನ ಮಾತನ್ನು ಮನಸ್ಸಿಟ್ಟು ಕೇಳಿದ ಮೇಲೆ ರೊಕ್ಕದ ನಿರ್ಣಯ ಮಾಡಿರಿ.

ರಾಜ್ಯೋತ್ಸವದ ಆಟಕ್ಕೆ ಕೈಗೂಡಿಸುವ ತರುಣರು, ಧ್ವನಿ ಕೊಡಲೊಪ್ಪುವ ಅಜ್ಜಿಯರು, ತಾವು ಕಾಯುತ್ತಿರುವ ಆಟದ ಬಗ್ಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಬಲ್ಲ ಮಕ್ಕಳು, ಎಲ್ಲರೂ ಸಂಘದ ಕಚೇರಿಗೆ ಬರೆದು ಕೊಡಬೇಕೆಂದು ವಿನಂತಿ. ಮಕ್ಕಳ ಸಾಲುಗಳನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಕೊಡೋಣ. ಕಾಗುಣಿತದ ತಪ್ಪುಗಳನ್ನು ನಾನು ತಿದ್ದುತ್ತೇನೆ. ಆಟದ ವಿಷಯದಲ್ಲಿ ನನ್ನ ತಪ್ಪುಗಳನ್ನು ಅವರು ತಿದ್ದಲಿ.